ಅಂಟಾರ್ಕ್ಟಿಕಾಕ್ಕೆ ಹೋಗೋ ಸ್ಟೀಲ್ ಶೆಡ್ಡು, ಬಳ್ಳಾರಿ ಬಿಸಿಲಲ್ಲಿ ಪೇಂಟು: ಸ್ಕೀಮ್ ನೋಡಿ ಹೇಳಿ

ತೋರಣಗಲ್ಲು ಫ್ಯಾಬ್

ಎಲ್ಲರಿಗೂ ನಮಸ್ಕಾರ. ಒಂದು ಎನ್‌ಕ್ವೈರಿ ಬಂದಿದೆ. ಅಂಟಾರ್ಕ್ಟಿಕಾ ಕರಾವಳಿಯ ಬಂಡೆ ಜಾಗದಲ್ಲಿ ನಿಲ್ಲಿಸೋ ಎರಡು ಸ್ಟೋರ್ ಶೆಡ್‌ಗಳ ಫ್ರೇಮು. ಕಂಬ 150×150×6 ಬಾಕ್ಸ್, ಬೀಮ್ ಐಎಸ್‌ಎಂಬಿ 200, ನೆಲದಿಂದ 2 ಮೀಟರ್ ಎತ್ತರದ ಕಾಲುಗಳ ಮೇಲೆ. ಎಲ್ಲಾ ಬೋಲ್ಟ್ ಜೋಡಣೆ, ಸೈಟಲ್ಲಿ ವೆಲ್ಡಿಂಗ್ ಇಲ್ಲ. ಪೇಂಟ್ ಆಗಬೇಕಾದ ಮೇಲ್ಮೈ 640 ಚದರ ಮೀಟರ್. ಹವಾಮಾನ ಮೈನಸ್ 35ರಿಂದ ಪ್ಲಸ್ 5. ದೊಡ್ಡ ರಿಪೇರಿ ಇಲ್ಲದೆ 25 ವರ್ಷ ಮೀರಿ ಬಾಳಬೇಕು, ಸಿ5 ವರ್ಗ (ಜಂಗಿನ ಕಾಟ ತುಂಬಾ ಹೆಚ್ಚಿರೋ ಪರಿಸರ) ಅಂತ ಬರೆದಿದ್ದಾರೆ.

ನಾವು ಯೋಚಿಸಿರೋದು: ಇನಾರ್ಗಾನಿಕ್ ಜಿಂಕ್ ಸಿಲಿಕೇಟ್ 75, ಎಪಾಕ್ಸಿ ಎಂಐಒ (ಅಭ್ರಕದಂಥ ಐರನ್ ಆಕ್ಸೈಡ್ ಬೆರೆತ ಎಪಾಕ್ಸಿ) 150, ಪಿಯು (ಪಾಲಿಯುರೆಥೇನ್) 60. ಒಟ್ಟು 285 ಮೈಕ್ರಾನ್. ಪೇಂಟಿಂಗ್ ಏಪ್ರಿಲ್-ಮೇ ತಿಂಗಳಲ್ಲಿ ಯಾರ್ಡ್‌ನಲ್ಲೇ ಮುಗಿಸಬೇಕು. ಪ್ರಶ್ನೆ ಮೂರು. ವರ್ಷವಿಡೀ ಹೆಪ್ಪುಗಟ್ಟಿರೋ ಕಡೆ ಜಂಗು ಹೇಗೆ ಹಿಡಿಯುತ್ತೆ? ಈ ಸ್ಕೀಮ್ ಸಾಕಾ? ನಮ್ಮ ಬಿಸಿಲಲ್ಲಿ ಏನು ಕೆಡುತ್ತೆ?

ಶಕ್ತಿನಗರ ಕೋಟಿಂಗ್

ಮೊದಲನೇ ಪ್ರಶ್ನೆಗೆ ಉತ್ತರ ಸರಿಯಾಗಿ ಕೂತರೆ ಉಳಿದೆರಡೂ ಸುಲಭ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಚಳಿಗೆ ಜಂಗು ಹಿಡಿಯಲ್ಲ, ನೀರಿಗೆ ಹಿಡಿಯುತ್ತದೆ. ದಕ್ಷಿಣ ಧ್ರುವದ ನೆತ್ತಿಯಲ್ಲಿ ವರ್ಷದ ಸರಾಸರಿ ಮೈನಸ್ 49ರ ಹತ್ತಿರ, ಗಾಳಿ ಒಣ, ಸಮುದ್ರ ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿ ಬರೀ ಕಬ್ಬಿಣ ಇಟ್ಟರೂ ಸವೆಯೋದು ಅತಿ ನಿಧಾನ. ಐಎಸ್‌ಒ 9223ರಲ್ಲಿ ಸಿ1, ಅಂದರೆ ಜಂಗು ಅತಿ ಕಡಿಮೆ ಇರೋ ವರ್ಗದ, ಹೊರಾಂಗಣಕ್ಕೆ ಉದಾಹರಣೆ ಕೊಡುವಾಗ ಕೆಲವು ಮರುಭೂಮಿಗಳನ್ನೂ ಅಂಟಾರ್ಕ್ಟಿಕಾದ ಒಳನಾಡನ್ನೂ ಒಂದೇ ಸಾಲಲ್ಲಿ ಹಾಕಿದ್ದಾರೆ. ಎರಡಕ್ಕೂ ಇರೋ ಸಾಮ್ಯ ಒಣಹವೆ.

ಕರಾವಳಿ ಕಥೆಯೇ ಬೇರೆ. ಅಲ್ಲಿ ಉಪ್ಪಿದೆ. ಅಡುಗೆ ಉಪ್ಪು ಕರಗಿದ ನೀರು ಮೈನಸ್ 21ರವರೆಗೆ ಪೂರ್ತಿ ಹೆಪ್ಪುಗಟ್ಟಲ್ಲ. ಸಮುದ್ರದ ಉಪ್ಪಿನೊಳಗಿರೋ ಮೆಗ್ನೀಷಿಯಂ ಕ್ಲೋರೈಡ್ ಮೈನಸ್ 33ರವರೆಗೂ ದ್ರವವಾಗಿರಬಲ್ಲದು. ಅಂದರೆ ಸ್ಟೀಲಿನ ಮೈ ಮೇಲೆ ಕಣ್ಣಿಗೆ ಕಾಣದ ತೆಳು ಉಪ್ಪುನೀರಿನ ಪೊರೆ ಸೊನ್ನೆಗಿಂತ ಎಷ್ಟೋ ಕೆಳಗೂ ಕೆಲಸ ಮಾಡ್ತಿರುತ್ತೆ. 'ಒದ್ದೆ ಇರುವ ಹೊತ್ತು' ಅಂತ ಲೆಕ್ಕ ಹಾಕುವಾಗ ಸೊನ್ನೆಗಿಂತ ಮೇಲಿನ ತಾಪ, 80ಕ್ಕಿಂತ ಹೆಚ್ಚಿನ ತೇವಾಂಶ ಎರಡೂ ಕೂಡಿದ ಗಂಟೆಗಳನ್ನು ಮಾತ್ರ ಎಣಿಸುತ್ತಾರೆ. ಧ್ರುವ ಕರಾವಳಿಗೆ ಆ ಲೆಕ್ಕ ಕಡಿಮೆ ತೋರಿಸುತ್ತೆ.

ಇನ್ನೊಂದು, ಬಿಸಿಲು. ಗಾಳಿ ಮೈನಸ್ 8 ಇದ್ದರೂ ಬಿಸಿಲಿಗೆ ಮುಖ ಮಾಡಿದ ಗಾಢ ಬಣ್ಣದ ಪ್ಲೇಟು ಸೊನ್ನೆ ದಾಟುತ್ತೆ. ಅದರ ಮೇಲೆ ಕೂತ ಹಿಮ ಕರಗಿ ಬೋಲ್ಟ್ ಸಂದಿಗೆ ಇಳಿಯುತ್ತೆ, ನೆರಳು ಬಂದಾಗ ಮತ್ತೆ ಗಟ್ಟಿಯಾಗುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ದಿನಾ ಇದೇ ಆಟ. ಚಳಿಗಾಲದಲ್ಲಿ ಸಮುದ್ರದ ಮೇಲೇ ಐಸ್ ಮುಚ್ಚಿರೋದರಿಂದ ಉಪ್ಪಿನ ತುಂತುರು ಕಡಿಮೆ. ಉಪ್ಪು ಬರೋದೂ ಬೇಸಿಗೆಗೇ, ಹಿಮ ಕರಗೋದೂ ಬೇಸಿಗೆಗೇ, ಎರಡೂ ಒಟ್ಟಿಗೆ. ಕೇಪ್ ಎವಾನ್ಸ್‌ನಲ್ಲಿ 1911ರಲ್ಲಿ ಸ್ಕಾಟ್ ತಂಡ ಕಟ್ಟಿದ ಗುಡಿಸಲಿನ ಆಹಾರದ ಡಬ್ಬಿಗಳು ಅಷ್ಟು ಚಳಿಯಲ್ಲೂ ಜಂಗು ತಿಂದು ತೂತು ಬಿದ್ದಿರೋದು ಇದರಿಂದಲೇ.

ನಮ್ಮ ದೇಶದ ಎರಡು ಕೇಂದ್ರಗಳನ್ನೇ ನೋಡಿ. 1989ರ ಮೈತ್ರಿ ಶಿರ್ಮಾಕರ್ ಓಯಸಿಸ್‌ನಲ್ಲಿ, ಸಮುದ್ರದಂಚಿನಿಂದ ಸುಮಾರು 100 ಕಿ.ಮೀ. ಒಳಗೆ. 2012ರ ಭಾರತಿ ಲಾರ್ಸ್‌ಮನ್ ಹಿಲ್ಸ್‌ನಲ್ಲಿ, ಕರಾವಳಿಯಲ್ಲೇ. ಒಂದೇ ಖಂಡ ಅಂತ ಎರಡಕ್ಕೂ ಒಂದೇ ಪೇಂಟ್ ಸ್ಕೀಮ್ ಬರೆಯಕ್ಕಾಗಲ್ಲ. ನಿಮ್ಮ ಸೈಟು ತೆರೆದ ನೀರಿಂದ ಎಷ್ಟು ಮೀಟರ್ ಅಂತ ಮೊದಲು ಕೇಳಿ. ಮೊದಲ ಕೆಲವು ನೂರು ಮೀಟರ್‌ನಲ್ಲೇ ಉಪ್ಪು ಬೀಳೋ ಪ್ರಮಾಣ ತುಂಬಾ ಇಳಿದುಬಿಡುತ್ತೆ.

ಕೌಲ್ ಬಜಾರ್ 3

ಸರ್, ಒಂದು ಮಾತು. ಧ್ರುವದ ಕರಾವಳಿಯಲ್ಲಿ ಬರೀ ಸ್ಟೀಲ್ ತುಣುಕು ಇಟ್ಟು ಅಳೆದ್ರೆ ಎಷ್ಟೋ ಕಡೆ ಸಿ2, ಸಿ3 ಒಳಗೇ ಬರುತ್ತೆ. ಸಿ2 ಅಂದ್ರೆ ವರ್ಷಕ್ಕೆ ಜಾಸ್ತಿ ಅಂದ್ರೂ 25 ಮೈಕ್ರಾನ್. 20 ವರ್ಷಕ್ಕೆ ಅರ್ಧ ಮಿ.ಮೀ. 6 ಮಿ.ಮೀ. ಬಾಕ್ಸಿಗೆ ಅದೇನು ಲೆಕ್ಕ? ಸಿ5 ಅಂದ್ರೆ 80ರಿಂದ 200 ಮೈಕ್ರಾನ್. ಇಷ್ಟು ಮಂದ ಬಳಿದು ಕಸ್ಟಮರ್ ದುಡ್ಡು ಹಾಳು ಮಾಡೋದ್ಯಾಕೆ?

ಶಕ್ತಿನಗರ ಕೋಟಿಂಗ್

ಲೆಕ್ಕ ಸರಿ ಅದ, ಅಣ್ಣ. ಆದ್ರ ಆ ಲೆಕ್ಕ ಕಂಬಕ್ಕೆ. ಕಂಬ ಸವೆದು ಕಟ್ಟಡ ಬೀಳೋದು ಅಲ್ಲಿ ಯಾರ ಚಿಂತೆನೂ ಅಲ್ಲ. ಕೆಡೋದು ಬಾಗಿಲ ಹಿಂಜ್, 0.5 ಮಿ.ಮೀ. ಶೀಟಿನ ಕತ್ತರಿಸಿದ ಅಂಚು, ಬೋಲ್ಟ್ ತಲೆ, ವಾಷರ್ ಅಡಿ, ಕಾಲಿನ ಬೇಸ್ ಪ್ಲೇಟ್. ಬೋಲ್ಟ್ ಜಂಗು ಹಿಡಿದು ಬಿಗಿದುಕೊಂಡರೆ ಮುಂದೆ ಶೆಡ್ ಬಿಚ್ಚಿ ವಾಪಸ್ ತರೋಕೂ ಆಗಲ್ಲ. ಅಂಟಾರ್ಕ್ಟಿಕಾದಲ್ಲಿ ಕೆಲಸ ಮುಗಿದ ಕಟ್ಟಡವನ್ನ ಬಿಚ್ಚಿ ತರಬೇಕು ಅನ್ನೋದು ಒಪ್ಪಂದದ ನಿಯಮ, ಅಲ್ಲೇ ಬಿಟ್ಟು ಬರೋ ಹಂಗಿಲ್ಲ.

ಇನ್ನು ಪೇಂಟ್ ಅಲ್ಲಿ ಸಾಯೋದು ಜಂಗಿನಿಂದ ಮಾತ್ರ ಅಲ್ಲ. ಮೂರು ಬೇರೆ ಹೊಡೆತ ಅದಾವ.

ಗಾಳಿ ಹೊತ್ತು ತರೋ ಹಿಮ. ಐಸ್ ತಣ್ಣಗಾದಷ್ಟೂ ಗಟ್ಟಿ. ಸೊನ್ನೆ ಹತ್ತಿರ ಮೋಸ್ ಗಡಸುತನ 2ರೊಳಗೆ, ಮೈನಸ್ 44ರಲ್ಲಿ ಸುಮಾರು 4. ಬಂಡೆ ಪ್ರದೇಶ ಆದ್ರೆ ಅದರ ಜೊತೆ ಮರಳೂ ಹಾರುತ್ತದ. ಗಾಳಿಗೆ ಎದುರಾದ ಮುಖದ ಕೆಳಗಿನ ಒಂದೆರಡು ಮೀಟರ್ ವರ್ಷಗಟ್ಟಲೆ ಬ್ಲಾಸ್ಟಿಂಗ್ (ಗಾಳಿಯ ರಭಸಕ್ಕೆ ಗ್ರಿಟ್ ಹೊಡೆದು ಮೈ ಉಜ್ಜೋದು) ಆದ ಹಂಗೆ. ನಿಮ್ಮ 2 ಮೀಟರ್ ಕಾಲುಗಳು ಸರಿಯಾಗಿ ಅದೇ ಜಾಗದಾಗ ಅದಾವ.

ಎರಡನೆಯದು ಅತಿನೇರಳೆ ಕಿರಣ. ಹೊಸ ಹಿಮ ಅದನ್ನ 80 ಪರ್ಸೆಂಟ್‌ಗಿಂತ ಹೆಚ್ಚು ವಾಪಸ್ ಹೊಡೀತದ. ಹಂಗಾಗಿ ನಮ್ಮಲ್ಲಿ ನೆರಳು ಅನ್ನಿಸೋ ಬೀಮ್ ತಳಕ್ಕೂ ಅಲ್ಲಿ ಬಿಸಿಲೇ. 1985ರಲ್ಲಿ ವರದಿಯಾದ ಓಝೋನ್ ರಂಧ್ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡದಾಗಿರುತ್ತದ, ಸೂರ್ಯ ವಾಪಸ್ ಬರೋದೂ ಅದೇ ಹೊತ್ತಿಗೆ. ಎಪಾಕ್ಸಿ ಇದಕ್ಕೆ ಸೀಮೆಸುಣ್ಣದ ಹಂಗೆ ಪುಡಿ ಏಳುತ್ತದ.

ಮೂರನೆಯದು ಕುಗ್ಗುವಿಕೆ. ಯಾರ್ಡ್‌ನಲ್ಲಿ 40 ಡಿಗ್ರಿಗೆ ಗಟ್ಟಿಯಾದ ಪೇಂಟು ಮೈನಸ್ 35ಕ್ಕೆ ಹೋದರೆ ವ್ಯತ್ಯಾಸ 75 ಡಿಗ್ರಿ. ಸ್ಟೀಲ್ ಒಂದು ಮೀಟರಿಗೆ 0.9 ಮಿ.ಮೀ. ಕುಗ್ಗುತ್ತದ. ಎಪಾಕ್ಸಿ ಪದರ ಒಂದೇ ಇದ್ದಿದ್ರೆ 4.5 ಮಿ.ಮೀ. ಹತ್ತಿರ ಕುಗ್ಗತಿತ್ತು. ಆ 3.6 ಮಿ.ಮೀ. ಎಳೆತ ಪೂರ್ತಿ ಅಂಟಿನ ಮೇಲೆ ಬೀಳುತ್ತದ, ಅದೂ ಎಪಾಕ್ಸಿ ಗಾಜಿನಂಗೆ ಬಿರುಸಾದಾಗ. ಅದಕ್ಕ ಮಂದ ಹೆಚ್ಚಾದಷ್ಟೂ ಒಳ್ಳೇದು ಅನ್ನೋದು ಇಲ್ಲಿ ತಪ್ಪು. 320 ಮೈಕ್ರಾನ್ ಹೇಳಿದ ಕಡೆ ಮೂಲೆಯಲ್ಲಿ ಪೇಂಟು ಸೋರಿ 800 ನಿಂತಿದ್ರ, ಮೊದಲ ಚಳಿಗಾಲಕ್ಕೇ ಕೂದಲೆಳೆ ಬಿರುಕು ಬರೋದು ಅಲ್ಲೇ.

ಸ್ಕೀಮ್ ವಿಚಾರ. ಐಎಸ್‌ಒ 12944-5ರ ಪ್ರಕಾರ ಜಿಂಕ್ ಪ್ರೈಮರ್ ಇದ್ದರೆ ಸಿ5ಗೆ 15-25 ವರ್ಷದ ಬಾಳಿಕೆಗೆ 260 ಮೈಕ್ರಾನ್, 25 ಮೀರಿದ್ದಕ್ಕೆ 320. ನಿಮ್ಮ 285 ಎರಡರ ನಡುವೆ ನೇತಾಡ್ತಾ ಅದ. ಕಸ್ಟಮರ್ 25 ಮೀರಿ ಅಂತ ಬರೆದಿರೋದ್ರಿಂದ 320 ಮಾಡಿ. ಪೇಂಟ್ ಕಂಪನಿಯವರನ್ನ ಐಎಸ್‌ಒ 12944-6ರ ಸೈಕ್ಲಿಕ್ ಟೆಸ್ಟ್ ವರದಿ ಕೇಳ್ರಿ: 72 ಗಂಟೆ ಯುವಿ ಮತ್ತು ತೇವ, 72 ಗಂಟೆ ಉಪ್ಪಿನ ಮಂಜು, 24 ಗಂಟೆ ಮೈನಸ್ 20. ಈ ವರ್ಗಕ್ಕೆ 2688 ಗಂಟೆ, ಅಂದ್ರೆ 16 ವಾರ. ಗಮನಿಸ್ರಿ, ಅದು ಮೈನಸ್ 20 ಮಾತ್ರ. ನಿಮ್ಮ ಸೈಟು ಮೈನಸ್ 35. ಅಷ್ಟು ಚಳಿಯಲ್ಲೂ ಆ ಪೇಂಟು ಬಿರುಕು ಬಿಡಲ್ಲ ಅಂತ ಬೇರೆ ಬರೆಸಿಕೊಳ್ರಿ.

ಕೌಲ್ ಬಜಾರ್ 3

ಬಿಚ್ಚಿ ತರೋ ನಿಯಮ ಗೊತ್ತಿರಲಿಲ್ಲ. ಹಂಗಾದ್ರೆ ಬೋಲ್ಟ್ ಬಗ್ಗೆ ಯಾರಾದ್ರೂ ಬರೀರಿ.

ಗಿಣಿಗೇರಾ ಗ್ರಿಟ್

ಬೋಲ್ಟಿಗಿಂತ ಮೊದಲ ಬ್ಲಾಸ್ಟಿಂಗ್ ಮಾತಾಡ್ರಿ. ಪೇಂಟು ಎಷ್ಟ ಚಲೋದಿದ್ರೂ ಕೆಳಗ ಹೊಲಸಿದ್ರ ಏನೂ ಉಪಯೋಗ ಇಲ್ಲ.

ಎಸ್‌ಎ ಎರಡೂವರೆ ಸ್ವಚ್ಛತೆ, ಪ್ರೊಫೈಲ್ (ಮೈಯ ಒರಟುತನ) 50ರಿಂದ 75 ಮೈಕ್ರಾನ್, ಇದು ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲದ್ದು ಉಪ್ಪು. ಕಣ್ಣಿಗೆ ಬೆಳ್ಳಗ ಕಂಡ ಸ್ಟೀಲಿನ ಮ್ಯಾಲೂ ಉಪ್ಪಿರತೈತಿ. ಬ್ರೆಸಲ್ ಪ್ಯಾಚ್ (ಸ್ಟೀಲಿಗೆ ಅಂಟಿಸಿ ಒಳಗ ಶುದ್ಧ ನೀರು ಬಿಟ್ಟು ಉಪ್ಪು ಕರಗಿಸಿ ತೆಗಿಯೋ ಸಣ್ಣ ಚೀಲ) ಹಚ್ಚಿ ನೋಡ್ರಿ. ಪ್ಯಾಚ್ 12.5 ಚದರ ಸೆಂ.ಮೀ., ನೀರು 15 ಮಿ.ಲೀ. ತೊಗೊಂಡ್ರ, ಪ್ಯಾಚಿನ್ಯಾಗ ಬಿಡೋ ಮೊದಲಿನ ಮತ್ತ ತೆಗೆದ ನಂತರದ ಆ ನೀರಿನ ಕಂಡಕ್ಟಿವಿಟಿ ವ್ಯತ್ಯಾಸಾನ (ಸೆಂ.ಮೀ.ಗೆ ಮೈಕ್ರೋಸೀಮೆನ್ಸ್) 6ರಿಂದ ಗುಣಿಸ್ರಿ, ಚದರ ಮೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗತೈತಿ. ವ್ಯತ್ಯಾಸ 8 ಬಂತಂದ್ರ 48. ಇಂಥ ಕೆಲಸಕ್ಕ 20ರೊಳಗ ಇರಲಿ, ಅಂದ್ರ ಮೀಟರಿನ್ಯಾಗ ವ್ಯತ್ಯಾಸ 3 ಮೀರಬಾರದು.

ಈಗ ನಮ್ಮ ಕಡೆ ತ್ರಾಸು. ಉಪ್ಪು ಹೆಚ್ಚೈತಿ ಅಂತ ತೊಳಿಯಾಕ ಹೋಗ್ತಾರ, ಬೋರ್‌ವೆಲ್ ನೀರಾಗ. ಕೊಪ್ಪಳ-ರಾಯಚೂರು ಕಡೆ ಬೋರಿನ ನೀರಿನ ಟಿಡಿಎಸ್ ಸಾವಿರ ದಾಟೋದು ಹೊಸದಲ್ಲ. ತೊಳದ ಮ್ಯಾಲೆ ನೀರು ಆರತೈತಿ, ಉಪ್ಪು ಕುಂತ ಬಿಡತೈತಿ. ತೊಳದು ಉಪ್ಪು ಹೆಚ್ಚು ಮಾಡಿದಂಗ! ಆರ್‌ಒ ನೀರು ಬಿಟ್ಟು ಬ್ಯಾರೆ ನೀರು ಮುಟ್ಟಬ್ಯಾಡ್ರಿ. ತೊಳದಿಂದ ಮತ್ತ ಒಂದು ಸಲ ಬ್ಲಾಸ್ಟ್ ಹೊಡೀಬೇಕು, ಮತ್ತ ಪ್ಯಾಚ್ ಹಚ್ಚಿ ನೋಡಬೇಕು.

ಇನ್ನೊಂದು ಧೂಳು. ಸ್ಪಂಜ್ ಐರನ್ ಕಾರ್ಖಾನೆ, ಗಣಿ ಲಾರಿ ರಸ್ತೆ ಹತ್ರ ಇರೋ ಯಾರ್ಡ್‌ಗಳಾಗ ಬ್ಲಾಸ್ಟ್ ಆಗಿ ಎರಡು ತಾಸು ಬಯಲಾಗ ಬಿಟ್ರ ಸಾಕು, ಕರಿ ಧೂಳು ಕೂಡತೈತಿ. ಅದರಾಗ ಕಬ್ಬಿಣದ ಕಣ ಇರತಾವು. ಪೇಂಟಿನ ಒಳಗ ಸಿಕ್ಕೊಂಡು ಮುಂದ ಅದೇ ಕೆಂಪು ಚುಕ್ಕಿ ಆಗತೈತಿ, ಇನ್ಸ್‌ಪೆಕ್ಟರ್ ಅದನ್ನ ಸ್ಟೀಲಿನ ಜಂಗು ಅಂತ ಬರಕೊಂಡು ಹೋಗ್ತಾನ. ಐಎಸ್‌ಒ 8502-3 ಟೇಪ್ ಟೆಸ್ಟ್ ಮಾಡ್ರಿ, ಶೆಡ್ ಬಾಗಲಾ ಹಾಕ್ಕೊಂಡು ಬ್ಲಾಸ್ಟ್ ಮಾಡ್ರಿ, 4 ತಾಸಿನೊಳಗ ಪ್ರೈಮರ್ ಹೊಡೀರಿ.

ಅಂಚು. ಕಟಿಂಗ್ ಆದ ಅಂಚೆಲ್ಲಾ ಗ್ರೈಂಡರ್‌ನಾಗ 2 ಮಿ.ಮೀ. ತ್ರಿಜ್ಯಕ್ಕ ಉರುಟು ಮಾಡ್ರಿ. ಚೂಪು ಅಂಚಿನ್ಯಾಗ ಪೇಂಟ್ ತಾನಾಗೇ ಹಿಂದ ಸರೀತೈತಿ, ಬಯಲಾಗ 320 ಇದ್ರ ಅಂಚಿನ್ಯಾಗ 80 ಉಳೀತೈತಿ. ಗ್ಯಾಸ್ ಕಟಿಂಗ್ ಅಂಚು ಗಟ್ಟಿ ಆಗಿರತೈತಿ, ಗ್ರಿಟ್ ಹಿಡ್ಯಾಂಗಿಲ್ಲ, ಅದನ್ನ ಮೊದಲ ಗ್ರೈಂಡ್ ಮಾಡಿ ಆಮ್ಯಾಲೆ ಬ್ಲಾಸ್ಟ್. ವೆಲ್ಡ್, ಅಂಚು, ತೂತು, ಮೂಲಿ ಎಲ್ಲಾದಕ್ಕೂ ಪ್ರತಿ ಕೋಟಿಗೂ ಮೊದಲ ಬ್ರಷ್ಷಿಲೆ ಸ್ಟ್ರೈಪ್ ಕೋಟ್. ರೋಲರ್ ಬ್ಯಾಡ.

ತೋರಣಗಲ್ಲು ಫ್ಯಾಬ್

ಬೋರ್ ನೀರಿನ ಮಾತು ಸರಿಯಾಗಿ ತಟ್ಟಿತು. ಲಾರಿ ರಸ್ತೆ ಧೂಳಿನದೂ ಅಷ್ಟೇ. ಈಗ ಬಿಸಿಲು ಹೇಳಿ.

ಶಕ್ತಿನಗರ ಕೋಟಿಂಗ್

ಏಪ್ರಿಲ್‌ನಲ್ಲಿ ಜಿಂಕ್ ಸಿಲಿಕೇಟ್ ಬೇಡ. ಕಾರಣ ಇದು. ಆ ಪ್ರೈಮರ್ ಗಟ್ಟಿಯಾಗೋದು ಗಾಳಿಯ ತೇವ ಕುಡಿದು. ತೇವಾಂಶ 50ಕ್ಕಿಂತ ಮೇಲೆ ಬೇಕು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಎಷ್ಟೋ ದಿನ 25ರ ಆಸುಪಾಸು ಇರುತ್ತದ. ಮುಟ್ಟಿದ್ರ ಒಣಗಿದಂಗೆ ಕಾಣುತ್ತದ, ಸಾಲ್ವೆಂಟ್ ಹಾರಿ ಹೋಗಿರುತ್ತದ ಅಷ್ಟೇ, ಒಳಗೆ ಹಸಿ. ಅದರ ಮೇಲೆ ಎಪಾಕ್ಸಿ ಹೊಡೆದು ಮುಚ್ಚಿದ್ರ ಆಮೇಲೆ ತೇವ ಒಳಗೆ ಹೋಗೋ ದಾರಿನೇ ಇಲ್ಲ. ಧ್ರುವದ ಚಳಿಯಲ್ಲಿ ಎಪಾಕ್ಸಿ ಕುಗ್ಗಿ ಎಳೆದಾಗ ಜಿಂಕ್ ಪದರ ನಡುವೆ ಸೀಳಿ, ಕೈಯಗಲದ ಚಕ್ಕೆ ಏಳ್ತಾವ. ಚಕ್ಕೆಯ ಹಿಂಬದಿಗೂ ಬೂದು ಪುಡಿ, ಸ್ಟೀಲಿನ ಮೇಲೂ ಬೂದು ಪುಡಿ ಕಂಡ್ರ ಇದೇ ಕಾಯಿಲೆ.

ಎಪಾಕ್ಸಿ ಜಿಂಕ್ ರಿಚ್ 60 ಮೈಕ್ರಾನ್‌ಗೆ ಬದಲಾಯಿಸಿ.

ಕುಡತಿನಿ ಸ್ಟ್ರಕ್ಚರ್

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಸಿಲಿಕೇಟ್ ಕೆಟ್ಟದ್ದಲ್ಲ, ಅವಸರ ಕೆಟ್ಟದ್ದು. ರಾತ್ರಿ ಹೊಡೆದು, 4-5 ಗಂಟೆ ಬಿಟ್ಟು, ನೆಲಕ್ಕೆ ನೀರು ಹಾಕಿ ಶೆಡ್ ಮುಚ್ಚಿದರೆ ತೇವಾಂಶ ಸಿಗುತ್ತದೆ. ಎಂಇಕೆ ಎಂಬ ಸಾಲ್ವೆಂಟ್‌ನಲ್ಲಿ ಅದ್ದಿದ ಬಟ್ಟೆಯಿಂದ 50 ಸಲ ಹಿಂದಕ್ಕೂ ಮುಂದಕ್ಕೂ ಉಜ್ಜಿ. ಬಟ್ಟೆಗೆ ಬೂದು ಹತ್ತದಿದ್ದರೆ ಕ್ಯೂರ್ ಆಗಿದೆ ಎಂದರ್ಥ. ಬೋಲ್ಟ್ ಜೋಡಣೆಯ ಮುಖಗಳಿಗಂತೂ ಸಿಲಿಕೇಟೇ ಬೇಕು. ಘರ್ಷಣೆ ಹಿಡಿತದ ಬೋಲ್ಟ್ ಜೋಡಣೆಯಲ್ಲಿ ಎಪಾಕ್ಸಿ ಜಾರುತ್ತದೆ. ಅಲ್ಲಿ ಎಂಐಒ, ಪಿಯು ಹೊಡೆದರೆ ಇನ್ನೂ ಅಪಾಯ: ಒತ್ತಡಕ್ಕೆ ಪೇಂಟ್ ನಿಧಾನವಾಗಿ ತೆಳ್ಳಗಾಗಿ ಬೋಲ್ಟಿನ ಬಿಗಿ ಸಡಿಲವಾಗುತ್ತದೆ. ಟೇಪ್ ಹಚ್ಚಿ ಮರೆಮಾಡಿ.

ಶಕ್ತಿನಗರ ಕೋಟಿಂಗ್

ಜೋಡಣೆ ಮುಖಕ್ಕೆ ಸಿಲಿಕೇಟ್, ಒಪ್ಪಿದೆ. ಅಲ್ಲಿ ಮೇಲೆ ಬೇರೆ ಕೋಟ್ ಬರಲ್ಲ, ಕ್ಯೂರ್ ಆಗೋಕೆ ಸಮಯ ಅದ. ಉಳಿದ 600 ಚದರ ಮೀಟರಿಗೆ ನೆಲಕ್ಕೆ ನೀರು ಹಾಕಿಕೊಂಡು ಕೂರೋ ಯಾರ್ಡ್ ಎಷ್ಟು ಸಿಗ್ತಾವ ಹೇಳಿ. ಲೆಕ್ಕದಾಗ ನೀವು ಗೆದ್ರಿ, ಯಾರ್ಡ್‌ನಾಗ ನಾನು.

ಬಿಸಿಲಿನ ಉಳಿದ ವಿಷಯ. ಹೊರಗೆ 41 ಇದ್ದಾಗ ಬಿಸಿಲಲ್ಲಿ ಮಲಗಿಸಿದ ಬೀಮ್ ಮೈ 60 ಮುಟ್ಟುತ್ತದ. ಹೆಚ್ಚಿನ ಎಪಾಕ್ಸಿಗಳಿಗೆ ಸ್ಟೀಲ್ ತಾಪ 40 ಮೀರಬಾರದು. ಮೀರಿದ್ರ ಹನಿ ಗನ್‌ನಿಂದ ಹೊರಟು ಸ್ಟೀಲ್ ಮುಟ್ಟೋದ್ರೊಳಗೆ ಒಣಗಿ ಪುಡಿಯಾಗಿ ಕೂರುತ್ತದ. ಕೈ ಸವರಿದ್ರ ಮರಳು ಕಾಗದದ ಹಂಗೆ. ಆ ಪುಡಿಯ ನಡುವೆ ಸಂದಿ, ಸಂದಿಯೊಳಗೆ ಮುಂದೆ ಉಪ್ಪುನೀರು. ಬೆಳಿಗ್ಗೆ 5ರಿಂದ 9, ಇಲ್ಲಾ ಸಂಜೆ 7ರ ಮೇಲೆ ಕೆಲಸ ಮಾಡಿ.

ಪಾಟ್ ಲೈಫ್ (ಹಾರ್ಡನರ್ ಕಲಸಿದ ಮೇಲೆ ಪೇಂಟು ಬಳಸಬಹುದಾದ ಹೊತ್ತು): 10 ಡಿಗ್ರಿ ಏರಿದ್ರ ಅರ್ಧ. ಡಬ್ಬಿ ಮೇಲೆ 20 ಡಿಗ್ರಿಗೆ 4 ಗಂಟೆ ಅಂತ ಬರೆದಿದ್ರ 40ಕ್ಕೆ 1 ಗಂಟೆ. ಹಾರ್ಡನರ್ ಸೇರಿಸಿ ಊಟಕ್ಕೆ ಹೋಗಿ ಬಂದು, ಗಟ್ಟಿ ಆಯ್ತು ಅಂತ ಥಿನ್ನರ್ ಸುರಿದು ತೆಳ್ಳಗೆ ಮಾಡೋದು ನಮ್ಮಲ್ಲಿ ಎಲ್ಲಾ ಕಡೆ ನಡೆಯೋ ಪಾಪ. ಆ ಪೇಂಟು ಸ್ಟೀಲಿಗೆ ನೆನೆಯೋದೇ ಇಲ್ಲ.

ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಿ ಕೂರೋ ತಾಪ) ಏಪ್ರಿಲ್‌ನಲ್ಲಿ ತೊಂದರೆ ಕೊಡಲ್ಲ. ಬೆಳಿಗ್ಗೆ 27 ಡಿಗ್ರಿ, ತೇವಾಂಶ 50 ಇದ್ರ ಡ್ಯೂ ಪಾಯಿಂಟ್ 15.7, ಆರಾಮ. ಕೆಲಸ ಆಗಸ್ಟಿಗೆ ಜಾರಿದ್ರ ಹುಷಾರು: 25 ಡಿಗ್ರಿ, ತೇವಾಂಶ 85 ಅಂದ್ರ ಡ್ಯೂ ಪಾಯಿಂಟ್ 22.3, ಅಂತರ 2.7 ಮಾತ್ರ. 3 ಡಿಗ್ರಿ ಅಂತರ ಇಲ್ಲದೆ ಗನ್ ಎತ್ತಬೇಡಿ.

ಅತಿ ಮುಖ್ಯವಾದದ್ದು, ಯಾರೂ ಗಮನ ಕೊಡದ್ದು: ಎಂಐಒ ಕೋಟ್ ಹೊಡೆದು, ಪಿಯು ಬರೋಕೆ ತಡ ಅಂತ ಎರಡು ವಾರ ಬಿಸಿಲಲ್ಲಿ ಬಿಡೋದು. ಎಪಾಕ್ಸಿ ನಮ್ಮ ಬಿಸಿಲಿಗೇ ಪುಡಿ ಏಳುತ್ತದ. ಆ ಪುಡಿ ಮೇಲೆ ಪಿಯು ಕೂತ್ರ ಇಲ್ಲಿ ಪೇಂಟ್ ಎಳೆದು ಅಂಟು ನೋಡೋ ಪುಲ್ ಆಫ್ ಟೆಸ್ಟಿಗೂ ಒಮ್ಮೊಮ್ಮೆ ಪಾಸ್ ಆಗಿಬಿಡುತ್ತದ. ಅಲ್ಲಿ ಗಾಳಿಗೆ ಹಾಳೆ ಸುಲಿದ ಹಂಗೆ ಬರುತ್ತದ. ಧ್ರುವದ ಚಳಿಯನ್ನ ಬೈತಾರ, ತಪ್ಪು ಇಲ್ಲಿಯದು. ಡೇಟಾ ಶೀಟಿನಲ್ಲಿ ಓವರ್‌ಕೋಟಿಂಗ್‌ನ ಗರಿಷ್ಠ ಅವಧಿ 40 ಡಿಗ್ರಿಗೆ ಎಷ್ಟು ಅಂತ ನೋಡಿ. ಮೀರಿದ್ರ ಸ್ವೀಪ್ ಬ್ಲಾಸ್ಟ್ ಅಥವಾ ಎಮರಿ ಹಾಕಿ ಮೈ ಒರಟು ಮಾಡಿ, ತೊಳೆದು, ಆಮೇಲೆ ಪಿಯು.

ಸಿಂಧನೂರು ನಟ್ ಬೋಲ್ಟ್

ಬೋಲ್ಟ್ ಕೇಳಿದ್ರಲ್ಲ. ಎಂ20, 8.8 ಗ್ರೇಡ್, ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಾಗ ಅದ್ದಿ ತೆಗೆದದ್ದು) ಆದದ್ದೇ ತರಿಸ್ರಿ. ಅಂಗಡ್ಯಾಗ ಜಿಂಕ್ ಪ್ಲೇಟೆಡ್ ಅಂತ ಫಳಫಳ ಹೊಳೆಯೋದು ಕೊಡ್ತಾರ, ಅದು 5-8 ಮೈಕ್ರಾನ್ ಅಷ್ಟೇ. ಹಾಟ್ ಡಿಪ್‌ನಾಗ 40-50 ಮೈಕ್ರಾನ್ ಇರುತ್ತದ. ಹಾಟ್ ಡಿಪ್ ಬೋಲ್ಟಿಗೆ ನಟ್ಟಿನ ಥ್ರೆಡ್ ಸ್ವಲ್ಪ ದೊಡ್ಡದಾಗಿ ಕೊರೆದಿರಬೇಕು, ಹಂಗಾಗಿ ನಟ್ ಬೋಲ್ಟ್ ಒಂದೇ ಕಡೆಯಿಂದ ಜೋಡಿಯಾಗೇ ತರಿಸಬೇಕು. ನಟ್ ಹತ್ತಲಿಲ್ಲ ಅಂತ ಬೋಲ್ಟಿನ ಥ್ರೆಡ್ಡಿಗೆ ಡೈ ಹಾಕಿದ್ರ ಜಿಂಕ್ ಪೂರ್ತಿ ಹೋಯ್ತು.

ಸ್ಟೇನ್‌ಲೆಸ್ ಹಾಕಿದ್ರ? ದೊಡ್ಡ ಸ್ಟೀಲ್ ಮೈಗೆ ಚಿಕ್ಕ ಎ4 ಗ್ರೇಡ್ ಸ್ಟೇನ್‌ಲೆಸ್ ಬೋಲ್ಟ್ ನಡೀತದ. ಚಿಕ್ಕ ಜಿಐ ಬೋಲ್ಟನ್ನ ದೊಡ್ಡ ಸ್ಟೇನ್‌ಲೆಸ್ ಪ್ಲೇಟಿಗೆ ಹಾಕಬಾರದು, ಬೋಲ್ಟ್ ತಿಂದು ಹೋಗುತ್ತದ. ಸ್ಟೇನ್‌ಲೆಸ್ ಥ್ರೆಡ್ ಒಣದಾಗಿ ಬಿಗಿದ್ರ ಒಂದಕ್ಕೊಂದು ಕಚ್ಚಿಕೊಳ್ಳುತ್ತದ, ಚಳಿಗೆ ಹೊಂದೋ ಗ್ರೀಸ್ ಹಚ್ರಿ. ಬೋಲ್ಟ್ ಲೆಕ್ಕದ ಮೇಲೆ 10 ಪರ್ಸೆಂಟ್ ಹೆಚ್ಚು ಕಳಿಸ್ರಿ. ಅಲ್ಲಿ ಹಿಮದೊಳಗೆ ಬಿದ್ದ ನಟ್ ಹುಡುಕೋಕಾಗಲ್ಲ, ಪಕ್ಕದ ಬೀದಿಯಾಗ ಹಾರ್ಡ್‌ವೇರ್ ಅಂಗಡೀನೂ ಇರಲ್ಲ.

ಕೌಲ್ ಬಜಾರ್ 3

ಜಂಗಿನ ಮಾತು ಬಂದಾಗೆಲ್ಲ ನೆನಪಾಗೋದು ಟಿಬಿ ಡ್ಯಾಮ್ 19ನೇ ಗೇಟು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಅದರ ಬಗ್ಗೆನೂ ಯಾರಾದ್ರೂ…

ಶಕ್ತಿನಗರ ಕೋಟಿಂಗ್

ಅಣ್ಣ, ಅದಕ್ಕೆ ಬೇರೆ ಥ್ರೆಡ್ ತೆಗೀರಿ. ಇಲ್ಲಿ ಶುರು ಮಾಡಿದ್ರ ಮುಗಿಯಲ್ಲ.

ಕುಡತಿನಿ ಸ್ಟ್ರಕ್ಚರ್

ಡ್ರಾಯಿಂಗ್‌ನಲ್ಲಿ ಎರಡು ವಿಷಯ ಪರಿಶೀಲಿಸಿ.

ಒಂದು, ಸ್ಟೀಲ್ ಗ್ರೇಡ್. ಐಎಸ್ 2062ರಲ್ಲಿ ಬಿಆರ್‌ಗೆ ಸಾಮಾನ್ಯ ತಾಪದಲ್ಲಿ, ಬಿ0ಗೆ ಸೊನ್ನೆಯಲ್ಲಿ, ಸಿಗೆ ಮೈನಸ್ 20ರಲ್ಲಿ ಇಂಪ್ಯಾಕ್ಟ್ ಟೆಸ್ಟ್ (ಹೊಡೆತಕ್ಕೆ ಸ್ಟೀಲ್ ಗಾಜಿನಂತೆ ಒಡೆಯುವುದೇ ಎಂದು ನೋಡುವುದು). ಮೈನಸ್ 35ಕ್ಕೆ ಇವ್ಯಾವುವೂ ತಾವಾಗಿ ಉತ್ತರವಲ್ಲ. ಯುರೋಪಿನ ಎಸ್355ಎನ್‌ಎಲ್ ಮೈನಸ್ 50ರಲ್ಲಿ ಪರೀಕ್ಷೆಯಾದದ್ದು. ಡಿಸೈನ್ ಮಾಡಿದವರಿಂದಲೇ ಲಿಖಿತವಾಗಿ ಪಡೆಯಿರಿ. ಇದು ಪೇಂಟಿನ ಪ್ರಶ್ನೆಯಲ್ಲ, ಇಷ್ಟಕ್ಕೇ ಬಿಡುತ್ತೇನೆ.

ಎರಡು, ಆ ಬಾಕ್ಸ್ ಕಂಬಗಳು. ಒಳಗೆ ನೀರು ಸೇರಿ ಹೆಪ್ಪುಗಟ್ಟಿದರೆ 9 ಪರ್ಸೆಂಟ್ ಹಿಗ್ಗುತ್ತದೆ, ಬಾಕ್ಸ್ ಉದ್ದಕ್ಕೆ ಸೀಳುತ್ತದೆ. ನಮ್ಮ ಅಭ್ಯಾಸ ಕೆಳಗೊಂದು ನೀರು ಹೋಗುವ ತೂತು ಬಿಡುವುದು. ಅಲ್ಲಿ ಅದು ಪೂರ್ತಿ ಕಾಪಾಡದು, ಏಕೆಂದರೆ ಗಾಳಿಯಲ್ಲಿ ಹಾರುವ ಹಿಮ ಹಿಟ್ಟಿನಷ್ಟು ನುಣುಪು. ಯಾವ ಸಂದಿಯಲ್ಲಾದರೂ ಒಳಗೆ ತುಂಬುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ, ತೂತಿನ ಬಾಯಲ್ಲೇ ಮೊದಲು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಎರಡೂ ತುದಿಗೆ ಕ್ಯಾಪ್ ಪ್ಲೇಟ್ ಇಟ್ಟು ಸುತ್ತಲೂ ವೆಲ್ಡ್ ಮಾಡಿ, ಸೋಪು ನೀರು ಹಚ್ಚಿ ಸೋರಿಕೆ ನೋಡಿ. ಬಿಟ್ಟು ಬಿಟ್ಟು ಹಾಕುವ ವೆಲ್ಡ್ ಎಲ್ಲಿಯೂ ಬೇಡ. ಬಾಕ್ಸನ್ನು ಗ್ಯಾಲ್ವನೈಸ್ ಮಾಡಿಸುವುದಾದರೆ ಮಾತ್ರ ತೂತು ಬೇಕೇ ಬೇಕು: 450 ಡಿಗ್ರಿ ಸತುವಿನ ತೊಟ್ಟಿಯಲ್ಲಿ ಒಳಗಿನ ತೇವ ಆವಿಯಾಗಿ ಬಾಕ್ಸ್ ಸಿಡಿಯುತ್ತದೆ. ಆಮೇಲೆ ಆ ತೂತು ಮುಚ್ಚಲು ಮರೆಯಬೇಡಿ.

ಮೇಲ್ಮುಖವಾಗಿ ಮಲಗಿದ ಚಾನೆಲ್ ಇದ್ದರೆ ಬೆನ್ನು ಮೇಲೆ ಬರುವಂತೆ ತಿರುಗಿಸಿ. ಬಟ್ಟಲಿನಂತೆ ಬಾಯಿ ತೆರೆದಿದ್ದರೆ ಹಿಮ ನಿಲ್ಲುತ್ತದೆ.

ಶೆಡ್ ಒಳಗೆ ಹೀಟರ್ ಇದೆಯೇ? ಇದ್ದರೆ ಒಳಗಿನ ಬೆಚ್ಚಗಿನ ತೇವದ ಗಾಳಿ ಪ್ಯಾನೆಲ್ ಸಂದಿಯಲ್ಲಿ ಹೊರಕ್ಕೆ ನುಗ್ಗಿ ತಣ್ಣನೆಯ ಸ್ಟೀಲಿಗೆ ತಾಗಿ ಮಂಜಾಗಿ ಕೂರುತ್ತದೆ. ಹೊರಗಿನ ಪೇಂಟು ಹೊಸದರಂತೆ ಇರುವಾಗಲೇ ಪ್ಯಾನೆಲ್ ಹಿಂದೆ ಜಂಗು ಬೆಳೆಯುವುದು ಹೀಗೆ. ತೇವ ತಡೆಯುವ ಹಾಳೆ ಬೆಚ್ಚಗಿನ ಬದಿಗೆ ಬರಬೇಕು, ಸಂದಿಗಳಿಗೆ ಟೇಪ್ ಬೇಕು. ಒಳಗಿನಿಂದ ಹೊರಗೆ ಹಾದುಹೋಗುವ ಬೋಲ್ಟಿನ ಅಡಿ ಫೈಬರ್ ಪ್ಯಾಡ್ ಇಡಿ.

ಗಿಣಿಗೇರಾ ಗ್ರಿಟ್

ಪ್ಯಾಕಿಂಗ್ ಬಗ್ಗೆ ಯಾರೂ ಅನ್ನಲಿಲ್ಲ. ಪಿಯು ಹೊಡದಿಂದ 7 ದಿನ ಬಿಡ್ರಿ. ಹಸಿ ಇದ್ದಾಗ ತಾಡಪತ್ರಿ ಬಿಗದ್ರ ಒಳಗ ಬೆವರು ಕಟ್ಟಿ ಬಿಳಿ ಕಲೆ ಬೀಳತಾವು. ಎತ್ತಾಕ ನೈಲಾನ್ ಬೆಲ್ಟ್, ಚೈನ್ ಮುಟ್ಟಸಬ್ಯಾಡ್ರಿ. ಅಂಟಾರ್ಕ್ಟಿಕಾಕ್ಕ ಥರ್ಮಕೋಲ್ ಮಣಿ, ಚೂರು ಒಯ್ಯಂಗಿಲ್ಲ, 1991ರ ಮ್ಯಾಡ್ರಿಡ್ ಪ್ರೋಟೋಕಾಲ್‌ನಾಗ ನಿಷೇಧ ಐತಿ. ಮಣ್ಣೂ ಒಯ್ಯಂಗಿಲ್ಲ. ಹಂಗಾಗಿ ನಮ್ಮ ಸಂಡೂರಿನ ಕೆಂಪು ಧೂಳು ಬೀಮಿನ ಸಂದ್ಯಾಗ ಕುಂತಿದ್ರ ಕಂಟೇನರ್ ಹತ್ತೋ ಮೊದಲ ಒರಸಿ ತಗೀರಿ. ನಮ್ಮ ಮಣ್ಣು ಇಲ್ಲೇ ಇರ್ಲಿ.

ತೋರಣಗಲ್ಲು ಫ್ಯಾಬ್

ಎಲ್ಲಾ ಬರೆದುಕೊಂಡು ಸ್ಕೀಮ್ ತಿದ್ದಿದೀನಿ, ನೋಡಿ ಹೇಳಿ.

ಎಪಾಕ್ಸಿ ಜಿಂಕ್ ರಿಚ್ 60 ಮೈಕ್ರಾನ್. ಘನಾಂಶ 60 ಪರ್ಸೆಂಟ್, ಲೀಟರಿಗೆ 10 ಚದರ ಮೀಟರ್, ಲೆಕ್ಕಕ್ಕೆ 64 ಲೀಟರ್, 35 ಪರ್ಸೆಂಟ್ ನಷ್ಟ ಹಿಡಿದು 98 ಲೀಟರ್. ಹಸಿ ಪದರ 100 ಮೈಕ್ರಾನ್.

ಎಪಾಕ್ಸಿ ಎಂಐಒ 100 ಮೈಕ್ರಾನಿನ ಎರಡು ಕೋಟು. ಘನಾಂಶ 80, ಲೀಟರಿಗೆ 8 ಚದರ ಮೀಟರ್, 30 ಪರ್ಸೆಂಟ್ ನಷ್ಟ ಹಿಡಿದು ಎರಡಕ್ಕೂ ಸೇರಿ 229 ಲೀಟರ್. ಹಸಿ ಪದರ 125.

ಪಿಯು 60 ಮೈಕ್ರಾನ್, 91-92 ಲೀಟರ್. ಒಟ್ಟು 320.

ಜೋಡಣೆ ಮುಖಗಳಿಗೆ ಸಿಲಿಕೇಟ್ 60-75, ಟೇಪ್ ಹಚ್ಚಿ. ಬಾಕ್ಸ್ ಎರಡೂ ತುದಿ ಸೀಲ್. ಬೋಲ್ಟ್ ಹಾಟ್ ಡಿಪ್. ಸೈಟಲ್ಲಿ ಟಚ್ ಅಪ್‌ಗೆ ಇದೇ ಪೇಂಟಿನ 20 ಲೀಟರ್ ಕಳಿಸಿದ್ರೆ ಸಾಕಾ?

ಶಕ್ತಿನಗರ ಕೋಟಿಂಗ್

ಲೆಕ್ಕ ಸರಿ ಅದ. ಸ್ಟ್ರೈಪ್ ಕೋಟಿಗೆ ಜಿಂಕ್ ಮತ್ತು ಎಂಐಒ ಎರಡರಲ್ಲೂ 10 ಪರ್ಸೆಂಟ್ ಹೆಚ್ಚು ತರಿಸಿ. ಥಿನ್ನರ್ 5 ಪರ್ಸೆಂಟ್ ಸೇರಿಸಿದ್ರ ಜಿಂಕಿನ ಹಸಿ ಪದರ 105 ಆಗಬೇಕು, ಬಾಚಣಿಗೆ ಗೇಜ್ ಹಿಡಿಯೋ ಹುಡುಗನಿಗೆ ಇದನ್ನ ಹೇಳಿಡಿ.

ಟಚ್ ಅಪ್‌ಗೆ ಇದೇ ಪೇಂಟು ಬೇಡ. ಸಾಮಾನ್ಯ ಎಪಾಕ್ಸಿ 10 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗೋದು ನಿಂತೇಹೋಗುತ್ತದ. ಅಲ್ಲಿ ಅತ್ಯಂತ ಬೆಚ್ಚಗಿನ ದಿನವೇ 5. ಮೈನಸ್ 5ರವರೆಗೆ ಕ್ಯೂರ್ ಆಗೋ ವಿಂಟರ್ ಗ್ರೇಡ್ ಹಾರ್ಡನರ್, ಇಲ್ಲಾ ಗಾಳಿಯ ತೇವದಿಂದ ಗಟ್ಟಿಯಾಗೋ ಸಿಂಗಲ್ ಪ್ಯಾಕ್ ಪಿಯು ಜಿಂಕ್ ಕಳಿಸಿ. ಒಂದು ಲೀಟರಿನ ಚಿಕ್ಕ ಡಬ್ಬಿಗಳಲ್ಲಿ, 20 ಲೀಟರ್ ಡ್ರಮ್ಮಿನಲ್ಲಿ ಅಲ್ಲ. ಪೇಂಟ್ ಡಬ್ಬಿ ಹಿಂದಿನ ರಾತ್ರಿಯಿಂದ ಬೆಚ್ಚಗಿನ ಕೋಣೆಯಲ್ಲಿರಲಿ. ಕೆಲಸದ ಜಾಗಕ್ಕೆ ಡೇರೆ ಕಟ್ಟಿ, ಎಲೆಕ್ಟ್ರಿಕ್ ಬಿಸಿಗಾಳಿ ಬಿಟ್ಟು ಸ್ಟೀಲ್ 10 ದಾಟಿಸಿ. ಗ್ಯಾಸ್ ಟಾರ್ಚ್ ಹಚ್ಚಬಾರದು, ಗ್ಯಾಸ್ ಉರಿದಾಗ ನೀರಾವಿ ಬಂದು ತಣ್ಣನೆ ಸ್ಟೀಲಿಗೆ ಮತ್ತೆ ಕೂರುತ್ತದ. ಮೈ ಮೇಲಿನ ತೆಳು ಐಸ್ ಕಣ್ಣಿಗೆ ಕಾಣಲ್ಲ, ಬಿಸಿ ಮಾಡಿ ಒರೆಸಿದ ಮೇಲೇ ಬ್ರಷ್. ಉಜ್ಜಿ ತೆಗೆದ ಹಳೇ ಪೇಂಟಿನ ಪುಡಿ ಕೆಳಗೆ ಬೀಳಬಾರದು, ವ್ಯಾಕ್ಯೂಮ್ ಇರೋ ಗ್ರೈಂಡರ್ ಇರಲಿ. ಆ ಪುಡಿಯೂ ಹಡಗಿನಲ್ಲಿ ವಾಪಸ್.

ಮೇಂಟೆನೆನ್ಸ್ ಹಾಳೆಯಲ್ಲಿ ಒಂದು ಸಾಲು ಸೇರಿಸಿ. ನಮ್ಮಲ್ಲಿ ಐಎಸ್‌ಒ 4628-3ರ ಆರ್‌ಐ3, ಅಂದ್ರ ಮೇಲ್ಮೈಯ 1 ಪರ್ಸೆಂಟ್ ಜಂಗು ಬಂದಾಗ ಮರುಪೇಂಟ್ ಯೋಚನೆ ಮಾಡ್ತೀವಿ. ಅಲ್ಲಿ ಅಷ್ಟು ಕಾಯಬಾರದು. ಆರ್‌ಐ1, 0.05 ಪರ್ಸೆಂಟ್ ಕಂಡ ಬೇಸಿಗೆಯಲ್ಲೇ ಚುಕ್ಕಿ ಚುಕ್ಕಿಯಾಗಿ ಮುಗಿಸಬೇಕು, ಯಾಕಂದ್ರ ಬ್ರಷ್ ಹಿಡಿಯೋಕೆ ವರ್ಷದಲ್ಲಿ ಸಿಗೋದು ಕೆಲವೇ ವಾರ.

ತೋರಣಗಲ್ಲು ಫ್ಯಾಬ್

ಕೊನೇ ಪ್ರಶ್ನೆ. ಬಣ್ಣ ಯಾವುದು? ಕಸ್ಟಮರ್ ಏನೂ ಬರೆದಿಲ್ಲ.

ಗಿಣಿಗೇರಾ ಗ್ರಿಟ್

ಜಿಂಕ್ ಬೂದು ಇರತೈತಿ. ಮೊದಲ ಎಂಐಒ ಕೆಂಪು-ಕಂದು, ಎರಡನೇದು ತಿಳಿ ಬೂದು ಮಾಡ್ರಿ. ಹೊಡ್ಯಾವನಿಗೆ ಎಲ್ಲಿ ಬಿಟ್ಟೈತಿ ಅಂತ ಅಲ್ಲೇ ಕಾಣತೈತಿ.

ಶಕ್ತಿನಗರ ಕೋಟಿಂಗ್

ಅದೇ ಉಪಾಯ ಅಲ್ಲೂ ನಡೀತದ. ಪಿಯು ಕಿತ್ತಳೆ ಇಲ್ಲಾ ಕೆಂಪು ಮಾಡಿ, ಹಿಮದ ಬಿರುಗಾಳಿಯಲ್ಲಿ ಕಟ್ಟಡ ಕಾಣಬೇಕಲ್ಲ. ಗಾಳಿ ಎದುರಿನ ಕಾಲುಗಳಲ್ಲಿ ಹಿಮ ಉಜ್ಜಿ ಪಿಯು ಸವೆದ ಕಡೆ ತಿಳಿ ಬೂದು ಇಣುಕುತ್ತದ, ಗೇಜ್ ಇಲ್ಲದೇ ಗೊತ್ತಾಗುತ್ತದ. ಬೂದು ಹೋಗಿ ಕಂದು ಕಂಡ್ರ ಆ ವರ್ಷ ಬಿಡಬಾರದು. ಕಪ್ಪು, ಕಡು ನೀಲಿ ಬೇಡ, ಬಿಸಿಲು ಹೀರಿ ಹಿಮ ಕರಗಿಸಿ ನೀರನ್ನ ನೇರ ಬೋಲ್ಟ್ ಸಂದಿಗೆ ಇಳಿಸುತ್ತದ.

ತೋರಣಗಲ್ಲು ಫ್ಯಾಬ್

ಕಿತ್ತಳೆ ಮಾಡ್ತೀವಿ ಸರ್. ನಾಳೆ ಆರ್‌ಒ ಟ್ಯಾಂಕರ್ ರೇಟು ಕೇಳ್ತೀನಿ.